ಉಚ್ಚಾರ ಪರದೆಯಿಂದ, ಅರ್ಥ ಮನೆಯಿಂದ: ಸಿಂದಗಿ ಸೀಮೆಯ ಎಳೆಯರೂ ಇಂಗ್ಲಿಷ್ ಪದಗಳೂ

ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸುವ ಕ್ರಮ 2007-08ನೇ ಶೈಕ್ಷಣಿಕ ವರ್ಷದಲ್ಲಿ ಜಾರಿಗೆ ಬಂದಿತು. ಅಲ್ಲಿಯವರೆಗೆ ಐದನೆಯ ತರಗತಿಗೆ ಬಂದ ಮೇಲೆ ಪರಿಚಯವಾಗುತ್ತಿದ್ದ ಭಾಷೆಯೊಂದು ಕನ್ನಡದ ಅಕ್ಷರಗಳನ್ನೇ ಇನ್ನೂ ತಿದ್ದುತ್ತಿರುವ ಆರು ವರ್ಷದ ಮಗುವಿನ ಮುಂದೆ ಬಂದಾಗ, ಅದರ ಸರಿಯಾದ ಧ್ವನಿಯನ್ನು ಮಗುವಿನ ಕಿವಿಗೆ ಮುಟ್ಟಿಸುವವರು ಯಾರು ಎಂಬ ಪ್ರಶ್ನೆಯೂ ಜೊತೆಗೇ ಹುಟ್ಟಿತು. ವಿಜಯಪುರ ಜಿಲ್ಲೆಯ ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಸೀಮೆಯಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೂಕವಿದೆ. ಜೋಳ, ತೊಗರಿ, ಕಬ್ಬು, ಲಿಂಬೆಗಳ ಈ ನಾಡಿನಲ್ಲಿ ಮಗುವಿನ ಮನೆಮಾತು ಬಹುಪಾಲು ಕನ್ನಡವಾಗಿದ್ದು, ತಾಂಡಾಗಳಲ್ಲಿ ಲಂಬಾಣಿ, ಕೆಲವು ಓಣಿಗಳಲ್ಲಿ ಉರ್ದು, ಸೊಲ್ಲಾಪುರದ ಗಡಿಗೆ ಹತ್ತಿರದ ಊರುಗಳಲ್ಲಿ ಮರಾಠಿಯೂ ಕೇಳಿಬರುತ್ತವೆ. ಆದರೆ ಇಂಗ್ಲಿಷ್ ಮಾತು ಮನೆಯಲ್ಲಾಗಲಿ, ಹೊಲದಲ್ಲಾಗಲಿ, ಸಂತೆಯಲ್ಲಾಗಲಿ ಸಹಜವಾಗಿ ಕಿವಿಗೆ ಬೀಳುವ ಸಂದರ್ಭ ಬಹಳ ಕಡಿಮೆ.

ಈ ಕೊರತೆಯನ್ನು ತುಂಬಬಲ್ಲ ಸಾಧನವೆಂಬ ನಿರೀಕ್ಷೆಯನ್ನು ಹೊತ್ತು ಕಳೆದೊಂದು ದಶಕದಲ್ಲಿ ಮೊಬೈಲ್ ಫೋನು ಮನೆಯೊಳಗೆ ಬಂದಿದೆ. 2016ರಲ್ಲಿ ಇಂಟರ್ನೆಟ್ ಡೇಟಾದ ಬೆಲೆ ಇಳಿಯಿತು. ಮಕ್ಕಳಿಗೆಂದೇ ರೂಪಿಸಿದ ಯೂಟ್ಯೂಬ್ ಕಿಡ್ಸ್ ಆ್ಯಪ್ ಅದೇ ವರ್ಷ ಭಾರತದಲ್ಲಿ ದೊರೆಯತೊಡಗಿತು. ಬಣ್ಣ, ಹಣ್ಣು, ಪ್ರಾಣಿ, ವಾಹನಗಳ ಹೆಸರುಗಳನ್ನು ಹಾಡಿ ತೋರಿಸುವ ವಿಡಿಯೊಗಳು ಹಳ್ಳಿಯ ಕಟ್ಟೆಯವರೆಗೂ ತಲುಪಿದವು. ಮೂರು ವರ್ಷದ ಕೂಸು ಇಂಗ್ಲಿಷ್ ಹಾಡಿನ ಧಾಟಿಯನ್ನು ಗುನುಗಿದಾಗ ಹಿರಿಯರಿಗೆ ಹೆಮ್ಮೆಯೆನಿಸುವುದು ಸಹಜವಾದರೂ, ಹಾಡು ಬಾಯಿಗೆ ಬಂದ ಮಾತ್ರಕ್ಕೆ ಪದ ಬುದ್ಧಿಗೆ ಇಳಿದಿದೆಯೇ ಎಂಬುದನ್ನು ವಿಚಾರಿಸಬೇಕಾಗುತ್ತದೆ. ಎಳೆಯ ಮಕ್ಕಳ ಭಾಷಾಕಲಿಕೆಯನ್ನು ಕುರಿತು ನಡೆದ ಅಧ್ಯಯನಗಳು ಹೇಳುವುದೂ, ಈ ಜಿಲ್ಲೆಯ ಅನುಭವ ಬೆಂಬಲಿಸುವುದೂ ಒಂದೇ ಮಾತು: ವಿಡಿಯೊ ಪದದ ಧ್ವನಿಯನ್ನು ಕೊಡಬಲ್ಲದು, ಆದರೆ ಆ ಧ್ವನಿಗೆ ಅರ್ಥವನ್ನು ಕಟ್ಟಿಕೊಡುವವರು ಮಗುವಿನ ಪಕ್ಕದಲ್ಲಿ ಕುಳಿತು ಅದರ ಮನೆಮಾತಿನಲ್ಲಿ ಮಾತನಾಡುವ ಮನುಷ್ಯರು.

ಪದ ಕಲಿತಂತಾಗುವುದು ಯಾವಾಗ?

ಒಂದು ಪದವನ್ನು ಬಲ್ಲೆನೆಂಬುದಕ್ಕೆ ಮೂರು ಮುಖಗಳಿವೆ. ಅದರ ಧ್ವನಿಯನ್ನು ಕೇಳಿ ಗುರುತಿಸುವುದು ಮೊದಲನೆಯದು, ಆ ಧ್ವನಿ ಯಾವ ವಸ್ತುವನ್ನು ಅಥವಾ ಕ್ರಿಯೆಯನ್ನು ಸೂಚಿಸುತ್ತದೆಂದು ತಿಳಿಯುವುದು ಎರಡನೆಯದು, ತಕ್ಕ ಸಂದರ್ಭದಲ್ಲಿ ಅದನ್ನು ತಾನಾಗಿ ಬಳಸುವುದು ಮೂರನೆಯದು. ‘ಗೋಟ್’ ಎಂಬ ಪದವನ್ನು ಹಾಡಿನಲ್ಲಿ ಹೇಳುವ ಮಗು, ಹಿತ್ತಿಲಲ್ಲಿ ಕಟ್ಟಿದ ಆಡನ್ನು ಕಂಡಾಗ ಆ ಪದವನ್ನು ನೆನೆಯದಿದ್ದರೆ, ಅದಕ್ಕೆ ಧ್ವನಿ ದಕ್ಕಿದೆಯೇ ಹೊರತು ಪದ ದಕ್ಕಿಲ್ಲ. ಕೇಳಿದಾಗ ತಿಳಿಯುವ ಪದಗಳ ಮೊತ್ತವನ್ನು ಗ್ರಹಿಕೆಯ ಶಬ್ದಸಂಪತ್ತು ಎಂದೂ, ಮಾತಿನಲ್ಲಿ ಬಳಸಬಲ್ಲ ಪದಗಳ ಮೊತ್ತವನ್ನು ಬಳಕೆಯ ಶಬ್ದಸಂಪತ್ತು ಎಂದೂ ಭಾಷಾಶಿಕ್ಷಣದಲ್ಲಿ ಕರೆಯುತ್ತಾರೆ. ಮೊದಲನೆಯದು ಎರಡನೆಯದಕ್ಕಿಂತ ಸಾಮಾನ್ಯವಾಗಿ ದೊಡ್ಡದಾಗಿರುವುದರಿಂದ, ಮಗು ಕೂಡಲೇ ಬಾಯಿಬಿಟ್ಟು ಹೇಳಲಿಲ್ಲವೆಂದು ಕಲಿಕೆಯೇ ಆಗಿಲ್ಲವೆಂದು ತೀರ್ಮಾನಿಸಬೇಕಾಗಿಲ್ಲ.

ಅಮೆರಿಕದ ಸುಸಾನ್ ಕ್ಯಾರಿ ಮತ್ತು ಎಲ್ಸಾ ಬಾರ್ಟ್‌ಲೆಟ್ 1978ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ವಿಷಯದಲ್ಲಿ ಇಂದಿಗೂ ಆಧಾರಪ್ರಾಯವಾಗಿದೆ. ಶಿಶುವಿಹಾರದ ಮಕ್ಕಳು ತಮಗೆ ಹೆಸರು ಗೊತ್ತಿಲ್ಲದ ಬಣ್ಣವೊಂದಕ್ಕೆ ‘ಕ್ರೋಮಿಯಂ’ ಎಂಬ ಅಪರಿಚಿತ ಹೆಸರನ್ನು ಬಳಸಿದ್ದನ್ನು ದಿನನಿತ್ಯದ ಚಟುವಟಿಕೆಯ ನಡುವೆ ಒಂದೆರಡು ಸಲ ಕೇಳಿದಾಗಲೇ, ಅದು ಬಣ್ಣದ ಹೆಸರೆಂಬ ಅಸ್ಪಷ್ಟ ತಿಳಿವಳಿಕೆ ಅವರಲ್ಲಿ ಹಲವರಿಗೆ ಮೂಡಿತ್ತು. ಆದರೆ ಆ ತಿಳಿವಳಿಕೆ ಖಚಿತವಾಗಲು ತಿಂಗಳುಗಟ್ಟಲೆ ಕಾಲವೂ, ಮತ್ತೆ ಮತ್ತೆ ಆ ಪದವನ್ನು ಎದುರುಗೊಳ್ಳುವ ಅವಕಾಶವೂ ಬೇಕಾಗುತ್ತದೆಂಬುದು ಆ ಅಧ್ಯಯನದ ಇನ್ನೊಂದು ಮುಖ. ಪದದ ಮೊದಲ ಪರಿಚಯ ಕ್ಷಣದಲ್ಲಿ ಆಗಬಹುದಾದರೂ ಅದು ಬೇರೂರುವುದು ನಿಧಾನವಾಗಿ ಎಂಬ ಈ ಅರಿವು, ವಾರಕ್ಕೊಂದು ಹೊಸ ವಿಡಿಯೊ ತೋರಿಸುವುದಕ್ಕಿಂತ ತಿಂಗಳಿಗೆ ಒಂದೆರಡು ವಿಡಿಯೊಗಳನ್ನೇ ಆಳವಾಗಿ ಬಳಸುವುದು ಲೇಸೆಂಬ ದಾರಿಯನ್ನು ತೋರಿಸುತ್ತದೆ.

ಪರದೆ ಯಾವ ವಯಸ್ಸಿಗೆ ಕಲಿಸುತ್ತದೆ?

ವಿಡಿಯೊದ ಶಕ್ತಿ ಮಗುವಿನ ವಯಸ್ಸನ್ನು ಅವಲಂಬಿಸಿದೆ ಎಂಬುದು ಸಂಶೋಧನೆಗಳು ತಿಳಿಸಿರುವ ಅತ್ಯಂತ ಮುಖ್ಯವಾದ ಸಂಗತಿ. ಪ್ಯಾಟ್ರೀಷಿಯಾ ಕೂಲ್ ಮತ್ತು ಅವರ ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಂಗ್ಲಿಷ್ ಮನೆಮಾತಿನ ಒಂಬತ್ತು ತಿಂಗಳ ಅಮೆರಿಕನ್ ಶಿಶುಗಳಿಗೆ ಚೀನಾದ ಮ್ಯಾಂಡರಿನ್ ಭಾಷೆಯನ್ನು 12 ಬೈಠಕ್‌ಗಳಲ್ಲಿ ಕೇಳಿಸಲಾಯಿತು. ಆ ಭಾಷೆಯವರು ಎದುರಿಗೆ ಕುಳಿತು ಆಡಿಸುತ್ತ ಮಾತನಾಡಿಸಿದ ಶಿಶುಗಳು ಮ್ಯಾಂಡರಿನ್ನಿನ ಧ್ವನಿಭೇದಗಳನ್ನು ಗುರುತಿಸಲು ಕಲಿತವು. ಅದೇ ಜನ ಅದೇ ಮಾತುಗಳನ್ನು ಆಡಿದ್ದನ್ನು ಪರದೆಯ ಮೇಲೆ ನೋಡಿದ ಶಿಶುಗಳು ಮಾತ್ರ ಏನನ್ನೂ ಕಲಿಯಲಿಲ್ಲ. ಎದುರಿನ ವ್ಯಕ್ತಿಯಿಂದ ಕಲಿಯುವುದನ್ನು ಪರದೆಯಿಂದ ಕಲಿಯಲಾಗದ ಈ ಸ್ಥಿತಿಯನ್ನು ಸಂಶೋಧಕರು ವಿಡಿಯೊ ಕೊರತೆ ಎಂದು ಕರೆಯುತ್ತಾರೆ. ಎರಡರಿಂದ ಎರಡೂವರೆ ವರ್ಷದ ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಮುದ್ರಿಸಿದ ವಿಡಿಯೊದಿಂದ ಹೊಸ ಕ್ರಿಯಾಪದಗಳನ್ನು ಕಲಿಯದ ಮಕ್ಕಳು, ಆಡಿದ ಮಾತಿಗೆ ಕೂಡಲೇ ಪ್ರತಿಕ್ರಿಯೆ ದೊರೆಯುವ ವಿಡಿಯೊ ಕರೆಯಿಂದ ಕಲಿತರು. ಕಲಿಕೆಗೆ ಅಡ್ಡಿಯಾಗುವುದು ಬರಿಯ ಪರದೆಯಲ್ಲ, ಮಗುವಿನ ಮಾತಿಗೆ ಮರುಮಾತು ಇಲ್ಲದಿರುವುದೇ ನಿಜವಾದ ಅಡ್ಡಿ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಮೂರು ವರ್ಷ ತುಂಬಿದ ಮೇಲೆ ಚಿತ್ರ ಬದಲಾಗುತ್ತದೆ. 1969ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಆರಂಭವಾದ ‘ಸೆಸಮಿ ಸ್ಟ್ರೀಟ್’ ಎಂಬ ಮಕ್ಕಳ ಟಿವಿ ಕಾರ್ಯಕ್ರಮವನ್ನು ಮೂರು, ಮೂರೂವರೆ ವರ್ಷದಲ್ಲಿ ಹೆಚ್ಚಾಗಿ ನೋಡಿದ ಮಕ್ಕಳ ಶಬ್ದಸಂಪತ್ತು ಐದನೆಯ ವರ್ಷದ ಹೊತ್ತಿಗೆ ಹಿಗ್ಗಿದ್ದುದನ್ನು 1990ರ ಅಧ್ಯಯನವೊಂದು ದಾಖಲಿಸಿತು. ಬೇರೆ ಬೇರೆ ದೇಶಗಳಲ್ಲಿ ಈ ಕಾರ್ಯಕ್ರಮದ ಪರಿಣಾಮವನ್ನು ಅಳೆದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ, 15 ದೇಶಗಳ 10,000ಕ್ಕೂ ಹೆಚ್ಚು ಮಕ್ಕಳ ಮಾಹಿತಿಯನ್ನು ಪರಿಶೀಲಿಸಿದ 2013ರ ವಿಶ್ಲೇಷಣೆಯೂ ಒಟ್ಟಾರೆ ಲಾಭವನ್ನೇ ಕಂಡಿತು. ಆದ್ದರಿಂದ ಅಂಗನವಾಡಿಗೆ ಹೋಗುವ ಮೂರರಿಂದ ಆರು ವರ್ಷದ ಮಕ್ಕಳೂ, ಒಂದರಿಂದ ಮೂರನೆಯ ತರಗತಿಯ ಮಕ್ಕಳೂ ಒಳ್ಳೆಯ ವಿಡಿಯೊದಿಂದ ಪದಗಳನ್ನು ಕಲಿಯಬಲ್ಲರು; ಅದಕ್ಕಿಂತ ಚಿಕ್ಕ ಕೂಸುಗಳಿಗೆ ಅವ್ವನ, ಆಯಿಯ, ಮುತ್ಯಾನ ಮಾತೇ ಪಾಠ.

ಬಿಜಾಪುರ ಜಿಲ್ಲೆ ಕಂಡ ಮೊದಲ ಪರದೆ

ಪರದೆಯ ಮೂಲಕ ಹಳ್ಳಿಯ ಮಕ್ಕಳಿಗೆ ಕಲಿಸುವ ಪ್ರಯತ್ನ, ಹಿಂದೆ ಬಿಜಾಪುರವೆಂದು ಕರೆಯುತ್ತಿದ್ದ ಈ ಜಿಲ್ಲೆಗೆ ಹೊಸದಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷ ಕಾಲ ನಡೆದ, ‘ಸೈಟ್’ ಎಂಬ ಕಿರುಹೆಸರಿನಿಂದ ಪ್ರಸಿದ್ಧವಾದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗಕ್ಕೆ ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಆಯ್ಕೆಯಾಗಿದ್ದವು. ಕರ್ನಾಟಕದ ಪಾಲಿಗೆ ಬಂದವು ಅಂದಿನ ಬಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳು. ವಿಕ್ರಮ್ ಸಾರಾಭಾಯಿಯವರ ಕನಸಿನಿಂದ ಮೂಡಿದ ಈ ಯೋಜನೆಯಲ್ಲಿ, ನಾಸಾದ ಎಟಿಎಸ್-6 ಉಪಗ್ರಹದಿಂದ ನೇರವಾಗಿ ಬಂದ ಕಾರ್ಯಕ್ರಮವನ್ನು ತಂತಿಜಾಲರಿಯಿಂದ ಮಾಡಿದ 3 ಮೀಟರ್ ವ್ಯಾಸದ ಆಂಟೆನಾ ಹಿಡಿದು ಊರಿಗೊಂದರಂತಿದ್ದ ಸಾಮುದಾಯಿಕ ಟಿವಿಗೆ ಮುಟ್ಟಿಸುತ್ತಿತ್ತು. ಬೆಳಗಿನ ಹೊತ್ತು ಐದರಿಂದ ಹನ್ನೆರಡು ವರ್ಷದ ಶಾಲಾಮಕ್ಕಳಿಗೆ ಮೀಸಲಾಗಿದ್ದು, ಕನ್ನಡವೂ ಸೇರಿದಂತೆ ಪ್ರತಿ ಭಾಷೆಗೆ ದಿನಕ್ಕೆ 22 ನಿಮಿಷಗಳಷ್ಟು ಕಾಲ ದೊರೆಯುತ್ತಿತ್ತು.

ಆ ಪ್ರಯೋಗದ ವಿನ್ಯಾಸದಲ್ಲಿ ಇಂದಿಗೂ ಬೆಲೆಬಾಳುವ ಮೂರು ಗುಣಗಳಿದ್ದವು: ಕಾರ್ಯಕ್ರಮದ ಅವಧಿ ಚಿಕ್ಕದಾಗಿತ್ತು, ಮಕ್ಕಳು ಗುಂಪಾಗಿ ಕುಳಿತು ನೋಡುತ್ತಿದ್ದರು, ವಿವರಣೆ ಮಕ್ಕಳು ಬಲ್ಲ ಭಾಷೆಯಲ್ಲಿತ್ತು. ಮುಂದೆ 2004ರಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿದಾಗಲೂ, 2017ರಲ್ಲಿ ದೀಕ್ಷಾ ವೇದಿಕೆ ಆರಂಭವಾಗಿ ಪಠ್ಯಪುಸ್ತಕದ ಪುಟದಲ್ಲೇ ಕ್ಯೂಆರ್ ಕೋಡ್ ಮುದ್ರಣವಾಗತೊಡಗಿದಾಗಲೂ ತಂತ್ರಜ್ಞಾನ ಬದಲಾಯಿತೇ ಹೊರತು ಈ ಮೂರು ಗುಣಗಳ ಅಗತ್ಯ ಬದಲಾಗಲಿಲ್ಲ. ಕೋವಿಡ್ ಕಾಲದ 2020ರ ಜುಲೈನಲ್ಲಿ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಮೊದಲಾದ ಬೆನ್ನಿಗೇ, ಆಗಸ್ಟ್‌ನಲ್ಲಿ ‘ವಿದ್ಯಾಗಮ’ದ ಹೆಸರಿನಲ್ಲಿ ಶಿಕ್ಷಕರು ಮಕ್ಕಳಿದ್ದಲ್ಲಿಗೇ ಹೋಗಿ ಗುಡಿಯ ಅಂಗಳದಲ್ಲೂ ಮರದ ನೆರಳಿನಲ್ಲೂ ಕಲಿಸಬೇಕಾಗಿ ಬಂದದ್ದು ಪರದೆಯೊಂದೇ ಸಾಲದೆಂಬುದಕ್ಕೆ ಇಡೀ ನಾಡು ಕಂಡ ಸಾಕ್ಷಿ. ಕೈಯಲ್ಲಿ ಹಿಡಿಯುವ ಫೋನು ಈ ಪರಂಪರೆಯಿಂದ ಒಂದು ವಿಷಯದಲ್ಲಿ ದೂರ ಸರಿದಿದೆ: ಊರ ಟಿವಿ ಮಕ್ಕಳನ್ನು ಕೂಡಿಸುತ್ತಿತ್ತು, ಫೋನು ಮಗುವನ್ನು ಒಂಟಿಯಾಗಿಸುತ್ತದೆ. ಅದನ್ನು ಮತ್ತೆ ಕೂಡಿ ನೋಡುವ ಸಾಧನವಾಗಿ ತಿರುಗಿಸಿಕೊಳ್ಳುವುದೇ ಈಗಿನ ಕೆಲಸ.

ಅವ್ವನಿಗೆ ಇಂಗ್ಲಿಷ್ ಬಾರದಿದ್ದರೂ

ತಾಯಿತಂದೆಗಳಿಗೆ ಇಂಗ್ಲಿಷ್ ಬಾರದು, ಆದ್ದರಿಂದ ಅವರು ನೆರವಾಗಲಾರರು ಎಂಬ ನಂಬಿಕೆ ಬಲವಾಗಿ ಬೇರೂರಿದೆ, ಅದು ಸರಿಯಲ್ಲ. ಕನ್ನಡದಲ್ಲಿ ಅಕ್ಷರಕ್ಕೂ ಉಚ್ಚಾರಕ್ಕೂ ಇರುವ ನೇರ ಸಂಬಂಧ ಇಂಗ್ಲಿಷಿನಲ್ಲಿ ಇಲ್ಲದ ಕಾರಣ, ಆ ಭಾಷೆಯನ್ನು ಪುಸ್ತಕದ ಕಾಗುಣಿತದಿಂದ ಆರಂಭಿಸಿದ ಮಗುವಿನ ನಾಲಿಗೆ ಎಡವುವುದು ಹೆಚ್ಚು. ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುವುದರಿಂದ ವ್ಯಂಜನದಲ್ಲಿ ಮುಗಿಯುವ ಇಂಗ್ಲಿಷ್ ಪದಗಳ ಕೊನೆಗೂ ಮಗು ಉಕಾರ ಸೇರಿಸುತ್ತದೆ. ತುಟಿಗೆ ಹಲ್ಲು ತಾಗಿಸಿ ಹೇಳಬೇಕಾದ ‘ಫ್ಯಾನ್’ ಬರಿಯ ‘ಪ್ಯಾನು’ ಆಗುತ್ತದೆ. ಸ್ಪಷ್ಟ ಉಚ್ಚಾರದ ವಿಡಿಯೊ ನಿಜವಾಗಿ ನೆರವಾಗುವುದು ಇಲ್ಲಿಯೇ, ಏಕೆಂದರೆ ಅದು ಎಷ್ಟು ಸಲ ಕೇಳಿದರೂ ಬೇಸರವಿಲ್ಲದೆ ಅದೇ ಧ್ವನಿಯನ್ನು ಕೇಳಿಸುತ್ತದೆ. ಉಚ್ಚಾರದ ಹೊಣೆಯನ್ನು ವಿಡಿಯೊಗೆ ಬಿಟ್ಟ ಮೇಲೆ ಹಿರಿಯರಿಗೆ ಉಳಿಯುವುದು ಅರ್ಥದ ಹೊಣೆ, ಅದಕ್ಕೆ ಇಂಗ್ಲಿಷ್ ಪಾಂಡಿತ್ಯ ಬೇಕಿಲ್ಲ.

ಅರ್ಥ ಕಟ್ಟಿಕೊಡುವ ಈ ಕೆಲಸವನ್ನು ಮೂರು ಹಂತಗಳಲ್ಲಿ ನಡೆಸಬಹುದು. ವಿಡಿಯೊ ಹಚ್ಚುವ ಮೊದಲು ಅದರಲ್ಲಿ ಬರುವ ಐದಾರು ವಸ್ತುಗಳನ್ನು ಮಗುವಿನ ಮುಂದಿಟ್ಟು, ಉಳ್ಳಾಗಡ್ಡಿ, ಬಟಾಟಿ, ಗಜ್ಜರಿ, ಪೇರಲಹಣ್ಣು ಎಂದು ಮನೆಯ ಹೆಸರಿನಿಂದಲೇ ಹೇಳಿಸಬೇಕು. ಪರಿಕಲ್ಪನೆ ಮೊದಲೇ ಗಟ್ಟಿಯಾಗಿದ್ದರೆ ಹೊಸ ಹೆಸರು ಅದಕ್ಕೆ ಬೇಗ ಅಂಟಿಕೊಳ್ಳುತ್ತದೆ. ವಿಡಿಯೊ ನಡೆಯುವಾಗ ಪ್ರತಿ ಪದಕ್ಕೂ ತಡೆದು ನಿಲ್ಲಿಸಿ, “ಇದಕ್ಕೇನಂತಾರ?” ಎಂದೋ, “ಆಡು ಏನ್ ತಿನ್ನಾಕತ್ತೈತಿ?” ಎಂದೋ ಕೇಳಿ, ಉತ್ತರಕ್ಕಾಗಿ ಕಾಯಬೇಕು. ಹಿರಿಯರು ಕೇಳುತ್ತ ಮಗುವೇ ಹೇಳುವ ಈ ಕ್ರಮವನ್ನು ಚಿತ್ರಪುಸ್ತಕಗಳ ವಿಷಯದಲ್ಲಿ ಸಂವಾದದ ಓದು ಎಂದು ಕರೆಯುತ್ತಾರೆ. 1988ರಲ್ಲಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಅವರ ಸಂಗಡಿಗರ ಅಧ್ಯಯನ ಅದರ ಫಲವನ್ನು ತೋರಿಸಿತು. ವಿಡಿಯೊ ಮುಗಿದ ಮೇಲೆ ಫೋನು ಬದಿಗಿಟ್ಟು, ಅಡುಗೆಮನೆಯಲ್ಲೋ ಹೊಲದ ಬದುವಿನಲ್ಲೋ ಅದೇ ವಸ್ತು ಕಂಡಾಗ ಇಂಗ್ಲಿಷ್ ಹೆಸರನ್ನು ಮಗುವಿನ ಬಾಯಿಂದ ಕೇಳಬೇಕು. ಹೀಗೆ ಮಗುವೇ ಅವ್ವನಿಗೆ ಕಲಿಸುವ ಸ್ಥಾನಕ್ಕೆ ಬಂದಾಗ ಪದ ಬಳಕೆಯ ಶಬ್ದಸಂಪತ್ತಿಗೆ ದಾಟುತ್ತದೆ.

ಕ್ರಿಯಾಪದಗಳಿಗೆ ಇನ್ನೂ ಹೆಚ್ಚಿನ ಆಸರೆ ಬೇಕು. ವಸ್ತುವನ್ನು ಬೊಟ್ಟುಮಾಡಿ ತೋರಿಸಬಹುದು, ಆದರೆ ‘ಜಂಪ್’, ‘ಪುಶ್’, ‘ಪೋರ್’ ಮೊದಲಾದ ಕ್ರಿಯೆಗಳು ಕಣ್ಣೆದುರು ಆಗಿ ಹೋಗಿಬಿಡುತ್ತವೆ. ಅಮೆರಿಕದ ಜೇಮ್ಸ್ ಆ್ಯಶರ್ 1960ರ ದಶಕದಲ್ಲಿ ರೂಪಿಸಿದ, ಕೇಳಿದ ಆಜ್ಞೆಯನ್ನು ಇಡೀ ಮೈಯಿಂದ ಮಾಡಿ ತೋರಿಸುವ ವಿಧಾನ ಇದಕ್ಕೆ ಹೊಂದುತ್ತದೆ: ಜಿಗಿಯುವುದು, ಬಂಡಿಯನ್ನು ನೂಕುವುದು, ಚರಗಿಯ ನೀರನ್ನು ಸುರಿಯುವುದು, ಇವನ್ನೆಲ್ಲ ಮಾಡುತ್ತಲೇ ಹೇಳಿದ ಪದ ಮಗುವಿನ ಮೈಗೂ ಪರಿಚಯವಾಗುತ್ತದೆ. ಹಾಡು, ಆಟ, ಕಾರ್ಡುಗಳ ಮೂಲಕ ಸಣ್ಣ ಗುಂಪುಗಳಲ್ಲಿ ಕಲಿಸುವ ನಲಿ-ಕಲಿ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾಗಿ 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿರುವುದರಿಂದ, ಇಂಥ ಚಟುವಟಿಕೆ ಇಲ್ಲಿಯ ಅಕ್ಕೋರಿಗೂ ಮಾಸ್ತರರಿಗೂ ಅಪರಿಚಿತವಲ್ಲ.

ಎಂಥ ವಿಡಿಯೊ, ಎಷ್ಟು ಸಲ?

ಆಯ್ಕೆಗೆ ಮೊದಲ ಅಳತೆಗೋಲು ವೇಗ. ನಿಮಿಷಕ್ಕೆ ಹತ್ತಾರು ದೃಶ್ಯ ಬದಲಾಗುವ, ಬಣ್ಣ ಮತ್ತು ಸಂಗೀತದ ಅಬ್ಬರದಲ್ಲಿ ಪದವೇ ಮುಳುಗಿಹೋಗುವ ವಿಡಿಯೊ ಮಗುವನ್ನು ಹಿಡಿದು ಕೂರಿಸುತ್ತದೆಯೇ ಹೊರತು ಕಲಿಸುವುದಿಲ್ಲ. ಒಂದು ಸಲಕ್ಕೆ ಒಂದೇ ವಸ್ತುವನ್ನು ದೊಡ್ಡದಾಗಿ ತೋರಿಸಿ, ಹೆಸರನ್ನು ಒಂಟಿಯಾಗಿಯೂ ಚಿಕ್ಕ ವಾಕ್ಯದಲ್ಲಿಯೂ ಹೇಳಿ, ಮಗು ಮರುನುಡಿಯಲು ಬಿಡುವು ಕೊಡುವ, ಐದು ನಿಮಿಷ ಮೀರದ ವಿಡಿಯೊ ಉತ್ತಮ. ಎರಡನೆಯ ಅಳತೆಗೋಲು ಪುನರಾವರ್ತನೆ. ‘ಬ್ಲೂಸ್ ಕ್ಲೂಸ್’ ಎಂಬ ಮಕ್ಕಳ ಕಾರ್ಯಕ್ರಮದ ಒಂದೇ ಕಂತನ್ನು ಸತತ ಐದು ದಿನ ತೋರಿಸಿದ 1999ರ ಅಧ್ಯಯನದಲ್ಲಿ, ಮೂರರಿಂದ ಐದು ವರ್ಷದ ಮಕ್ಕಳು ಬೇಸರಪಡುವ ಬದಲು ದಿನದಿನಕ್ಕೆ ಹೆಚ್ಚು ಅರ್ಥಮಾಡಿಕೊಂಡು, ಪರದೆಯ ಪ್ರಶ್ನೆಗಳಿಗೆ ಹೆಚ್ಚು ಗಟ್ಟಿಯಾಗಿ ಉತ್ತರಿಸತೊಡಗಿದರು. ಕಂಡದ್ದನ್ನೇ ಮತ್ತೆ ಕಾಣುವ ಮಗುವಿನ ಹಟ ಕಲಿಕೆಯ ಹಸಿವೆಂದೇ ತಿಳಿಯಬೇಕು.

ಮೂರನೆಯದು ನೆಲದ ಹೊಂದಾಣಿಕೆ. ಜಗತ್ತಿಗೆಲ್ಲ ಒಂದೇ ಅಚ್ಚಿನಲ್ಲಿ ತಯಾರಾಗುವ ವಿಡಿಯೊಗಳಲ್ಲಿ ಹಿಮ, ಸ್ಟ್ರಾಬೆರಿ, ಪೆಂಗ್ವಿನ್‌ಗಳು ಧಾರಾಳವಾಗಿದ್ದು, ತೊಗರಿ, ಬಿಳಿಜೋಳ, ಎಮ್ಮೆ, ಚಕ್ಕಡಿಗಳು ಅಪರೂಪ. ದೂರದ ವಸ್ತುಗಳೂ ಮಗುವಿಗೆ ಕುತೂಹಲವನ್ನು ತರುತ್ತವೆ, ಅವನ್ನು ದೂರವಿಡಬೇಕಾಗಿಲ್ಲ. ಆದರೆ ಮೊದಲ ನೂರು ಪದಗಳು ಮಗು ಮುಟ್ಟಿ ನೋಡಬಲ್ಲ ವಸ್ತುಗಳದ್ದಾಗಿರುವುದು ಲೇಸು. ಶಾಲೆಯ ಸುತ್ತಲಿನ ಗಿಡ, ಕಾಳು, ದನಕರು, ಪಾತ್ರೆಗಳನ್ನು ಫೋನಿನಲ್ಲಿಯೇ ಚಿತ್ರೀಕರಿಸಿ, ಸ್ಪಷ್ಟ ಉಚ್ಚಾರ ಬಲ್ಲ ಶಿಕ್ಷಕರೊಬ್ಬರ ಧ್ವನಿಯನ್ನು ಸೇರಿಸಿ, ಒಂದು ಕ್ಲಸ್ಟರಿನ ಶಾಲೆಗಳೆಲ್ಲ ಹಂಚಿಕೊಳ್ಳುವುದು ಕಷ್ಟವೇನಲ್ಲ. ಅಂಥ ಉಚ್ಚಾರವನ್ನು ಶಿಕ್ಷಕರು ರೂಢಿಸಿಕೊಳ್ಳಲು ನೆರವಾಗಬಲ್ಲ, ದಕ್ಷಿಣ ಭಾರತದ ಇಂಗ್ಲಿಷ್ ಶಿಕ್ಷಕರ ತರಬೇತಿಗೆಂದೇ 1963ರಿಂದ ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯೂ ಇದೆ. ಓದಲು ಬಲ್ಲ ಮಕ್ಕಳಿಗೆ ಅಡಿಬರಹವೂ ನೆರವಾಗುತ್ತದೆ. ನೆದರ್ಲೆಂಡ್ಸ್‌ನ ನಾಲ್ಕು ಮತ್ತು ಆರನೆಯ ತರಗತಿಯ ಮಕ್ಕಳು ಡಚ್ ಅಡಿಬರಹವಿದ್ದ ಇಂಗ್ಲಿಷ್ ಕಾರ್ಯಕ್ರಮದಿಂದ, ಅಡಿಬರಹವಿಲ್ಲದೆ ನೋಡಿದವರಿಗಿಂತ ಹೆಚ್ಚು ಇಂಗ್ಲಿಷ್ ಪದಗಳನ್ನು ಕಲಿತುದನ್ನು 1999ರ ಅಧ್ಯಯನವೊಂದು ತೋರಿಸಿದೆ.

ಹಾಡಿನ ನಾಡಿಗೆ ಹಾಡೇ ದಾರಿ

ಎಳೆಯರ ವಿಡಿಯೊಗಳಲ್ಲಿ ಬಹುಪಾಲು ಹಾಡುಗಳೇ ಆಗಿರುವುದು ಆಕಸ್ಮಿಕವಲ್ಲ; ಲಯ ಮತ್ತು ಪ್ರಾಸ ಪದವನ್ನು ನೆನಪಿನಲ್ಲಿ ಹಿಡಿದಿಡುತ್ತವೆ. ಈ ತತ್ತ್ವವನ್ನು ಇಂಡಿ ಸೀಮೆಗೆ ಹೊರಗಿನವರು ಬಂದು ಹೇಳಬೇಕಾಗಿಲ್ಲ. ಹಲಸಂಗಿಯ ಮಧುರಚೆನ್ನ, ಚಡಚಣದ ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿ ಗೆಳೆಯರು ಇಲ್ಲಿಯ ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡ ತ್ರಿಪದಿಗಳು 1931ರಲ್ಲಿ ‘ಗರತಿಯ ಹಾಡು’ ಎಂಬ ಹೆಸರಿನಲ್ಲಿ ಬೆಳಕು ಕಂಡವು. ಕೂಸನ್ನು ಕುರಿತ ಹಾಡುಗಳು ಆ ಪರಂಪರೆಯ ಜೀವಾಳ. ತೊಟ್ಟಿಲ ಬಳಿ ಕೇಳಿದ ಈ ಹಾಡುಗಳಿಂದ ಮಗು ತನ್ನ ಮೊದಲ ಭಾಷೆಯ ಎಷ್ಟೋ ಪದಗಳನ್ನೂ, ಅವುಗಳೊಡನೆ ಲೋಕದ ತಿಳಿವಳಿಕೆಯನ್ನೂ ಪಡೆಯುತ್ತದೆ. ಒಂದು ಭಾಷೆಯಲ್ಲಿ ಗಳಿಸಿದ ಇಂಥ ತಿಳಿವಳಿಕೆ ಇನ್ನೊಂದು ಭಾಷೆಯ ಕಲಿಕೆಗೂ ನೆಲೆಗಟ್ಟಾಗುತ್ತದೆಂದು ಕೆನಡಾದ ಜಿಮ್ ಕಮಿನ್ಸ್ 1979ರಲ್ಲಿ ಪ್ರತಿಪಾದಿಸಿದರು. ಆದ್ದರಿಂದ ಇಂಗ್ಲಿಷ್ ವಿಡಿಯೊಗೆ ಜಾಗ ಮಾಡಿಕೊಡಲೆಂದು ಅಜ್ಜಿಯ ಕಥೆಯನ್ನೂ ಅವ್ವನ ಹಾಡನ್ನೂ ಹಿಂದಕ್ಕೆ ಸರಿಸಿದರೆ ಇಂಗ್ಲಿಷಿಗೂ ನಷ್ಟವೇ. ತಾಂಡಾದ ಮಗುವಿಗೆ ಲಂಬಾಣಿ ಹಾಡೂ, ಉರ್ದು ಮನೆಯ ಮಗುವಿಗೆ ಉರ್ದು ಕಥೆಯೂ ಇದೇ ನೆಲೆಗಟ್ಟನ್ನು ಒದಗಿಸುತ್ತವೆ.

ಮಿತಿಯೂ ಎಚ್ಚರವೂ

ವಿಶ್ವ ಆರೋಗ್ಯ ಸಂಸ್ಥೆ 2019ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ಮಾರ್ಗಸೂಚಿ ಎರಡು ವರ್ಷ ತುಂಬದ ಕೂಸುಗಳನ್ನು ಪರದೆಯ ಮುಂದೆ ಕೂರಿಸಬಾರದೆಂದೂ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ 1 ಗಂಟೆಯನ್ನು ಮೀರಬಾರದೆಂದೂ, ಕಡಿಮೆಯಾದಷ್ಟೂ ಒಳ್ಳೆಯದೆಂದೂ ಹೇಳುತ್ತದೆ; ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ ಸಲಹೆಯೂ ಇದೇ ಧಾಟಿಯದು. ಪದಗಳ ಕಲಿಕೆಗೆ ಇಷ್ಟು ಹೊತ್ತೂ ಬೇಕಾಗಿಲ್ಲ, ಕೂಡಿ ನೋಡಿದ ಹತ್ತು ಹದಿನೈದು ನಿಮಿಷ ಸಾಕು. ಒಂದು ಮುಗಿದ ಕೂಡಲೇ ಇನ್ನೊಂದು ವಿಡಿಯೊ ತಾನಾಗಿಯೇ ಶುರುವಾಗುವ ಆಟೋಪ್ಲೇ ವ್ಯವಸ್ಥೆಯನ್ನು ಬಂದ್ ಮಾಡಿಡುವುದೂ, ಬೇಕಾದ ವಿಡಿಯೊಗಳನ್ನು ಮೊದಲೇ ಡೌನ್‌ಲೋಡ್ ಮಾಡಿ ಇಂಟರ್ನೆಟ್ ಇಲ್ಲದೆ ತೋರಿಸುವುದೂ ಜಾಹೀರಾತಿನಿಂದಲೂ ಅಯೋಗ್ಯ ದೃಶ್ಯಗಳಿಂದಲೂ ಮಗುವನ್ನು ಕಾಯುತ್ತವೆ. ಸುಗ್ಗಿ ಮುಗಿದ ಮೇಲೆ ಮಹಾರಾಷ್ಟ್ರಕ್ಕೂ ಗೋವಾಕ್ಕೂ ಗುಳೆ ಹೋಗುವ ಕುಟುಂಬಗಳ ಮಕ್ಕಳಿಗೆ, ಫೋನಿನಲ್ಲಿ ಉಳಿಸಿಟ್ಟ ಈ ವಿಡಿಯೊಗಳು ಶಾಲೆಯೊಂದಿಗಿನ ನಂಟನ್ನು ಕಡಿಯದೆ ಉಳಿಸುವ ಸಾಧನವೂ ಆಗಬಲ್ಲವು.

ಫೋನು ಇಲ್ಲದ ಅಥವಾ ಇದ್ದರೂ ದಿನವಿಡೀ ದುಡಿಯುವವರ ಕಿಸೆಯಲ್ಲಿಯೇ ಇರುವ ಮನೆಗಳ ಮಕ್ಕಳನ್ನು ಈ ಕಲಿಕೆಯಿಂದ ಹೊರಗಿಡುವುದು ನ್ಯಾಯವಲ್ಲ. ಅಂಗನವಾಡಿ, ಶಾಲೆ ಮತ್ತು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ ವಾರಕ್ಕೆ ಒಂದೆರಡು ದಿನ, ಚಿಕ್ಕ ಗುಂಪಿನಲ್ಲಿ, ತಡೆದು ಮಾತನಾಡಿಸಬಲ್ಲ ಹಿರಿಯರೊಬ್ಬರ ಜೊತೆಗೆ ಒಂದೇ ವಿಡಿಯೊವನ್ನು ನೋಡುವ ವ್ಯವಸ್ಥೆಗೆ ದೊಡ್ಡ ಖರ್ಚಿಲ್ಲ; ಬೇಕಾದದ್ದು ಆ ಹಿರಿಯರಿಗೆ ಸ್ವಲ್ಪ ತರಬೇತಿ ಮತ್ತು ತಾವೂ ಕಲಿಸಬಲ್ಲೆವೆಂಬ ಧೈರ್ಯ. ಇಂಗ್ಲಿಷ್ ಬಾರದೆಂಬ ಕಾರಣಕ್ಕೆ ಮಗುವಿನ ಓದಿನಿಂದ ಹಿಂದೆ ಸರಿದು ನಿಂತಿರುವ ತಾಯಂದಿರಿಗೆ, ಮಗುವಿಗೆ ಅತ್ಯಗತ್ಯವಾದ ಅರ್ಧ ಪಾಠ ತಮ್ಮ ಬಳಿಯೇ ಇದೆಯೆಂದು ಮನಗಾಣಿಸುವ ಕೆಲಸವನ್ನು ಶಾಲೆಗಳು ಮುಂದಿನ ಪಾಲಕರ ಸಭೆಯಿಂದಲೇ ಕೈಗೆತ್ತಿಕೊಳ್ಳಬಹುದು.